ಗೇರುಹಣ್ಣಿನ ಭಟ್ಟಿಯೂ ಇಂಗಾಲದ ಲೆಕ್ಕವೂ

ಭಟ್ಟಿ ಇಳಿಸುವುದು ಎಂದೊಡನೆ ನಮ್ಮ ಸಾಹಿತ್ಯವಲಯದಲ್ಲಿ ಮೊದಲು ನೆನಪಾಗುವವನು, ಪರಭಾಷೆಯ ಕಥೆಯೊಂದರ ಊರು ಹೆಸರುಗಳನ್ನು ಬದಲಿಸಿ ತನ್ನದೆಂದು ಅಚ್ಚುಹಾಕಿಸಿದ ಲೇಖಕ. ವಿಮರ್ಶಕರ ಬಾಯಿಗೆ ಬಿದ್ದು ಆ ಮಾತಿಗೆ ಅಷ್ಟು ಅಪಕೀರ್ತಿ ಬಂದಿದೆ. ನಿಜವಾದ ಭಟ್ಟಿಯ ಎದುರು ಒಂದು ಹಗಲು ಕುಳಿತು ನೋಡಿದವರಿಗೆ, ಕೃತಿಚೌರ್ಯಕ್ಕೆ ಈ ಹೆಸರಿಟ್ಟವರು ಭಟ್ಟಿಯವರಿಗೆ ದೊಡ್ಡ ಅನ್ಯಾಯ ಮಾಡಿದರೆಂದು ತೋರದೆ ಇರದು. ಅದು ಬಹಳ ತಾಳ್ಮೆಯ ಕೆಲಸ. ಬಹಳ ಕಟ್ಟಿಗೆಯ ಕೆಲಸವೂ ಹೌದು. ಆ ಕಟ್ಟಿಗೆಯ ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಹೇಳಹೊರಟಿರುವುದು ಗೋವೆಯ ಫೆನಿಯ ವಿಚಾರ. ಹಬ್ಬದೂಟದಲ್ಲಿ ಸಕ್ಕರೆ ಉದುರಿಸಿ ಬಡಿಸುವ ಫೇಣಿಯಲ್ಲ. ಗೇರುಹಣ್ಣಿನಿಂದ ಇಳಿಸುವ ಮದ್ಯ. ಸಂಸ್ಕೃತದ ಫೇನ, ಎಂದರೆ ನೊರೆ, ಕೊಂಕಣಿಯಲ್ಲಿ ಫೇಣ್ ಆಗಿ ಈ ಹೆಸರು ಹುಟ್ಟಿತೆಂದು ಹೇಳುತ್ತಾರೆ. ಎತ್ತರದಿಂದ ಸುರಿದಾಗ ಏಳುವ ಗುಳ್ಳೆಗಳನ್ನು ನೋಡಿ, ಅವು ಎಷ್ಟು ಹೊತ್ತು ನಿಲ್ಲುತ್ತವೆಂಬುದರಿಂದ ಅದರ ಕಟುತ್ವವನ್ನು ಅಳೆಯುವವರು ಈಗಲೂ ಇದ್ದಾರೆ. ನಾನು ಕುಡಿಯುವವನಲ್ಲ. ಕುಡಿಯದವರು ಹೆಂಡದ ವಿಷಯ ಬರೆಯುವುದು ಕನ್ನಡಕ್ಕೆ ಹೊಸದೇನೂ ಅಲ್ಲವಾದ್ದರಿಂದ ಆ ಮಟ್ಟಿಗೆ ನನಗೆ ಸಂಕೋಚವಿಲ್ಲ.

ಗೇರು ನಮ್ಮ ನೆಲದ ಮರವಲ್ಲ. ಬ್ರೆಜಿಲಿನ ಈಶಾನ್ಯ ತೀರದಿಂದ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಕಾಜು ಎಂಬ ಹೆಸರು ಕೂಡ ಅಲ್ಲಿನ ಮೂಲನಿವಾಸಿಗಳ ತುಪಿ ಭಾಷೆಯಿಂದ ಪೋರ್ಚುಗೀಸಿಗೆ ಬಂದು, ಅಲ್ಲಿಂದ ನಮ್ಮ ಭಾಷೆಗಳಿಗೆ ಇಳಿದಿದೆ. ಬಂದ ಮರ ಪಶ್ಚಿಮ ಕರಾವಳಿಯ ಮುರಕಲ್ಲಿನ ಗುಡ್ಡಗಳಿಗೆ ಎಷ್ಟು ಹೊಂದಿಕೊಂಡಿತೆಂದರೆ, ಇಂದು ಗೋವೆಯವನಿಗೆ ಅದು ಪರದೇಶಿ ಎಂದು ಹೇಳಿದರೆ ನಂಬುವುದು ಕಷ್ಟ. ಗೋವೆಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2016ರಲ್ಲಿ ಆ ರಾಜ್ಯದ ಸರ್ಕಾರ ಅದನ್ನು ಪಾರಂಪರಿಕ ಪಾನೀಯವೆಂದು ಘೋಷಿಸಿತು. ಹೀಗೆ ಹಳ್ಳಿಯ ಭಟ್ಟಿಯ ಸರಕು ಪಟ್ಟಣದ ಗಾಜಿನ ಕಪಾಟಿಗೆ ಏರಿತು. ಏರಿದೊಡನೆ ಒಂದು ಹೊಸ ಪ್ರಶ್ನೆಯೂ ಹಿಂಬಾಲಿಸಿತು. ಒಂದು ಬಾಟಲಿ ತಯಾರಾಗುವಷ್ಟರಲ್ಲಿ ಎಷ್ಟು ಇಂಗಾಲದ ಡೈ ಆಕ್ಸೈಡ್ ಆಕಾಶಕ್ಕೆ ಸೇರುತ್ತದೆ? ಇದನ್ನೇ ಇಂಗಾಲದ ಹೆಜ್ಜೆಗುರುತು ಎನ್ನುತ್ತಾರೆ. ಹೆಜ್ಜೆಗುರುತು ನೆಲದ ಮೇಲೆ ಬೀಳುವುದು ನಮಗೆ ಗೊತ್ತು. ಗಾಳಿಯಲ್ಲಿ ಬೀಳುವ ಹೆಜ್ಜೆಯನ್ನು ಲೆಕ್ಕದಲ್ಲಿ ಮಾತ್ರ ಕಾಣಬಹುದು.

ಕೆಲವು ವರ್ಷಗಳ ಹಿಂದೆ ಒಂದು ಏಪ್ರಿಲ್ ತಿಂಗಳಲ್ಲಿ ಕಾರವಾರದಿಂದ ಮಾಜಾಳಿ ದಾಟಿ ಕಾಣಕೋಣದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಮೂರು ತಲೆಮಾರಿನವರು ಒಟ್ಟಿಗೆ ದುಡಿಯುವ ಮನೆ. ಗೇರಿನ ಕೆಲಸದಲ್ಲಿ ಮೊದಲ ನಿಯಮ ಒಂದುಂಟು: ಹಣ್ಣನ್ನು ಕೀಳಬಾರದು, ತಾನಾಗಿ ಬಿದ್ದದ್ದನ್ನು ಆರಿಸಬೇಕು. ಬೆಳಗಿನ ಜಾವ ಹೆಂಗಸರು ಮಕ್ಕಳು ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಾರೆ. ಬೀಜ ತಿರುವಿ ತೆಗೆದು, ಹಣ್ಣನ್ನು ತೊಟ್ಟಿಗೆ ಹಾಕಿ ಕಾಲಿನಿಂದ ತುಳಿಯುತ್ತಾರೆ; ಈಗ ಹಲವೆಡೆ ಯಂತ್ರವೂ ಬಂದಿದೆ. ತುಳಿದು ಉಳಿದ ಹಿಪ್ಪೆಯನ್ನು ಗೋಪುರದಂತೆ ಒಟ್ಟಿ, ಬಳ್ಳಿ ಸುತ್ತಿ, ಮೇಲೆ ಕಲ್ಲು ಹೇರಿದರೆ ರಾತ್ರಿಯಿಡೀ ತೊಟ್ಟಿಕ್ಕುವ ತಿಳಿರಸವೇ ನೀರೊ. ಅದನ್ನು ಹುದುಗುವ ಮೊದಲೇ ತಣ್ಣಗೆ ಕುಡಿಯುತ್ತಾರೆ. ನನ್ನಂಥವನ ಪಾಲಿಗೆ ಬಂದದ್ದು ಅದೊಂದೇ.

ಭಟ್ಟಿಯ ಪಾಲಿನ ರಸ ಕೊಡಗಳಲ್ಲೋ ಪೀಪಾಯಿಗಳಲ್ಲೋ ಮೂರು ದಿನ ತಾನಾಗಿಯೇ ಹುದುಗುತ್ತದೆ. ಕಿಣ್ವ ಹಾಕುವುದಿಲ್ಲ, ಹಣ್ಣಿನ ಸಿಪ್ಪೆಯ ಮೇಲೆಯೂ ಗಾಳಿಯಲ್ಲಿಯೂ ಇರುವ ಜೀವಾಣುಗಳೇ ಆ ಕೆಲಸ ಮಾಡುತ್ತವೆ. ಅನಂತರ ಭಾಣವೆಂಬ ಹಂಡೆಗೆ ತುಂಬಿ ಕೆಳಗೆ ಬೆಂಕಿ. ಆವಿ ಕೊಳವೆಯ ಮೂಲಕ ಲಾವ್ಣಿ ಎಂಬ ಗಡಿಗೆಗೆ ಹೋಗಿ, ಅದರ ಮೇಲೆ ಸುರಿಯುವ ತಣ್ಣೀರಿನಿಂದ ತಣಿದು ಹನಿಯಾಗುತ್ತದೆ. ಮೊದಲ ಸಲ ಇಳಿದದ್ದು ಉರಾಕ್, ಸೌಮ್ಯವಾದದ್ದು, ಬೇಸಗೆಯಲ್ಲಷ್ಟೆ ಸಿಗುವಂಥದು. ಉರಾಕಿಗೆ ಮತ್ತೆ ಹುದುಗಿದ ರಸ ಬೆರೆಸಿ ಎರಡನೆಯ ಸಲ ಇಳಿಸಿದರೆ ಫೆನಿ. ಅದರಲ್ಲಿ ಮದ್ಯಸಾರ ನೂರಕ್ಕೆ 42–43 ಪಾಲು.

ನಾನು ಕಾಗದ ಪೆನ್ಸಿಲು ಹಿಡಿದು ಹೊಗೆಯನ್ನು ನೋಡುತ್ತ ಕುಳಿತದ್ದು ಮನೆಯ ಅಜ್ಜನಿಗೆ ವಿನೋದವಾಗಿ ಕಂಡಿರಬೇಕು. “ಹೊಗೆಯ ಲೆಕ್ಕ ಆಮೇಲೆ ಹಾಕುವಿರಂತೆ, ಮಾಸ್ತರರೇ. ಮೊದಲು ಮರದ ಮೇಲೆ ಹೂವೆಷ್ಟು ಉಳಿದಿದೆ ಎಣಿಸಿಕೊಂಡು ಬನ್ನಿ” ಎಂದರು. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಲೆಕ್ಕ. ಹುದುಗುವಾಗ ಏಳುವ ಗುಳ್ಳೆಗಳೂ ಇಂಗಾಲದ ಡೈ ಆಕ್ಸೈಡೇ. ಒಂದು ಕಿಲೋಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಅರ್ಧ ಕಿಲೋಗ್ರಾಂ ಅನಿಲ ಹೊರಡುತ್ತದೆ. ಆದರೆ ಆ ಇಂಗಾಲವನ್ನು ಮರ ಇದೇ ವರ್ಷ ಗಾಳಿಯಿಂದ ಪಡೆದಿತ್ತು. ಹಣ್ಣು ಮರದಡಿಯಲ್ಲಿ ಕೊಳೆತಿದ್ದರೂ ಅದು ಗಾಳಿಗೇ ಮರಳುತ್ತಿತ್ತು. ಆದ್ದರಿಂದ ಅದನ್ನು ಸಾಲವೆಂದು ಬರೆಯುವುದಿಲ್ಲ. ಇಲ್ಲಿ ಫೆನಿಯದು ಒಂದು ಹೆಚ್ಚುಗಾರಿಕೆ ಉಂಟು. ಬಾರ್ಲಿಯ ವಿಸ್ಕಿಗೆ ಹೊಲ ಉಳಬೇಕು, ಗೊಬ್ಬರ ಹಾಕಬೇಕು, ಕಾಳನ್ನು ಮೊಳೆಯಿಸಿ ಒಣಗಿಸಬೇಕು. ಗೇರಿನ ಮರವನ್ನು ಬೆಳೆಸುವುದು ಬೀಜಕ್ಕಾಗಿ, ಹಣ್ಣು ಉಪಸರಕು. ಬೀಜಕ್ಕಿಂತ ಐದರಿಂದ ಹತ್ತು ಪಟ್ಟು ತೂಗುವ ಆ ಹಣ್ಣು ಒಂದೆರಡು ದಿನದಲ್ಲಿ ಕೆಡುವಂಥದು. ಕೆಡುವುದನ್ನು ಕೆಡದಂತೆ ಮಾಡಿದ ಉಪಾಯವೇ ಫೆನಿ.

ಹಾಗಾದರೆ ಸಾಲ ಇರುವುದೆಲ್ಲಿ? ಒಲೆಯಲ್ಲಿ. ನೂರು ಲೀಟರ್ ಹುದುಗಿದ ರಸ, ಅದರಲ್ಲಿ ನೂರಕ್ಕೆ ಐದು ಪಾಲು ಮದ್ಯಸಾರ ಎಂದಿಟ್ಟುಕೊಳ್ಳೋಣ. ರಸವನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖಕ್ಕಿಂತ, ಅದರಿಂದ 30 ಲೀಟರ್ ಉರಾಕನ್ನು ಆವಿಯಾಗಿಸಲು ಬೇಕಾದ ಶಾಖ ಎರಡು ಪಟ್ಟಿಗೂ ಹೆಚ್ಚು. ನೀರು ಆವಿಯಾಗುವಾಗ ನುಂಗುವ ಶಾಖ ಅಷ್ಟು ದೊಡ್ಡದು. ಉರಾಕಿನ ಬಹುಪಾಲು ನೀರೇ ತಾನೆ. ಎರಡನ್ನೂ ಕೂಡಿಸಿದರೆ 6 ಕಿಲೋಗ್ರಾಂ ಒಣಕಟ್ಟಿಗೆಯಲ್ಲಿ ಅಡಗಿರುವಷ್ಟು ಶಾಖವಾಯಿತು. ಆರೇ ಕಿಲೋ! ಆದರೆ ಮೂರು ಕಲ್ಲಿಟ್ಟ ತೆರೆದ ಒಲೆ ತನಗೆ ಕೊಟ್ಟ ಶಾಖದಲ್ಲಿ ನೂರಕ್ಕೆ 10ರಿಂದ 15 ಪಾಲನ್ನಷ್ಟೆ ಪಾತ್ರೆಗೆ ಮುಟ್ಟಿಸುತ್ತದೆ. ಉಳಿದದ್ದು ಗಾಳಿಗೆ, ನೆಲಕ್ಕೆ, ಎದುರು ಕುಳಿತವರ ಮುಖಕ್ಕೆ. ಹೀಗೆ ಆರು ಕಿಲೋ ಹೋಗಿ ನಲವತ್ತು ಕಿಲೋ ಆಗುತ್ತದೆ. ಎರಡನೆಯ ಭಟ್ಟಿಯನ್ನೂ ಸೇರಿಸಿ ನಾನು ಗುಣಿಸಿ ನೋಡಿದಾಗ, 750 ಮಿಲಿಲೀಟರಿನ ಒಂದು ಬಾಟಲಿ ಫೆನಿಗೆ ಸುಮಾರು 3 ಕಿಲೋ ಕಟ್ಟಿಗೆ ಬಂತು. ಅದು ಉರಿದಾಗ ಹೊರಡುವ ಇಂಗಾಲದ ಡೈ ಆಕ್ಸೈಡ್ ಸುಮಾರು 5 ಕಿಲೋ. ಹಸಿ ಕಟ್ಟಿಗೆಯಾದರೆ ಇನ್ನೂ ಹೆಚ್ಚು. ಅದರೊಳಗಿನ ನೀರನ್ನು ಒಣಗಿಸುವುದಕ್ಕೇ ಅರ್ಧ ಬೆಂಕಿ ಖರ್ಚಾಗುತ್ತದೆ ಎಂಬುದು ಮಳೆಗಾಲದಲ್ಲಿ ಒಲೆ ಊದಿದ ಯಾವ ಗೃಹಿಣಿಗೂ ಗೊತ್ತು.

ಈ ಐದು ಕಿಲೋ ಪೂರ್ತಿ ಪಾಪವೇ? ಹಾಗೆನ್ನಲಾಗದು. ಕಟ್ಟಿಗೆ ಎಲ್ಲಿಂದ ಬಂತೆಂಬುದನ್ನು ಕೇಳಬೇಕು. ಸ್ವಂತ ತೋಟದ ಗೇರುಮರಗಳನ್ನು ಸವರಿದ ಕೊಂಬೆಗಳಾದರೆ, ಮರ ನಾಲ್ಕಾರು ವರ್ಷಗಳಲ್ಲಿ ಅಷ್ಟನ್ನೂ ಮತ್ತೆ ಚಿಗುರಿ ತುಂಬಿಕೊಳ್ಳುತ್ತದೆ, ಲೆಕ್ಕ ಸರಿಹೋಗುತ್ತದೆ. ಘಟ್ಟದ ಕಾಡಿನಿಂದ ಕಡಿದು ತಂದದ್ದು, ಕಡಿದಲ್ಲಿ ಮತ್ತೆ ಬೆಳೆಯದೆ ಹೋದದ್ದು ಆದರೆ ಪೂರ್ತಿ ಸಾಲ. ಎರಡೂ ಹೊಗೆಗಳ ಬಣ್ಣ ಒಂದೇ, ವಾಸನೆ ಒಂದೇ.

ಪಟ್ಟಣದ ಹಿತೈಷಿಗಳು ಗ್ಯಾಸಿಗೆ ಹೋಗಿ ಎನ್ನುತ್ತಾರೆ. ಗ್ಯಾಸಿನ ಒಲೆ ಶಾಖವನ್ನು ಪೋಲು ಮಾಡುವುದು ಕಡಿಮೆ. ನಾನು ಲೆಕ್ಕ ಹಾಕಿದಂತೆ ಬಾಟಲಿಗೆ ಇಂಗಾಲದ ಡೈ ಆಕ್ಸೈಡ್ ಮುಕ್ಕಾಲು ಕಿಲೋದಷ್ಟು. ಒಲೆಯ ಮುಂದೆ ಕೂರುವ ಹೆಂಗಸಿನ ಕಣ್ಣಿಗೂ ಶ್ವಾಸಕೋಶಕ್ಕೂ ಅದು ದೊಡ್ಡ ಉಪಕಾರ. ಆದರೆ ಆ ಮುಕ್ಕಾಲು ಕಿಲೋ ಭೂಗರ್ಭದಿಂದ ಎತ್ತಿದ ಇಂಗಾಲ, ಯಾವ ಗೇರುಮರದ ಚಿಗುರೂ ತೀರಿಸಬೇಕಾಗಿರದಿದ್ದ ಹೊಸ ಸಾಲ. ಸ್ವಂತ ತೋಟದ ಸವರುಕಟ್ಟಿಗೆ ಇರುವ ಮನೆಗೆ ಗ್ಯಾಸಿಗಿಂತ ಒಳ್ಳೆಯ ಒಲೆಯೇ ಮೇಲು ಎಂದು ನನ್ನ ಅಭಿಪ್ರಾಯ.

ಒಳ್ಳೆಯ ಒಲೆಯ ವಿದ್ಯೆಗೆ ಕರ್ನಾಟಕದವರು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರ ಎಂಬತ್ತರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆ ನಮ್ಮ ಎಷ್ಟೋ ಹಳ್ಳಿಗಳನ್ನು ಹೊಕ್ಕಿತು. ಅದರಲ್ಲಿ ದೇವರಹಸ್ಯವೇನೂ ಇಲ್ಲ. ಬೆಂಕಿಯನ್ನು ಗೋಡೆಯೊಳಗೆ ಕೂರಿಸಿ, ಕೆಳಗಿನ ಜಾಲರಿಯಿಂದ ಬೇಕಾದಷ್ಟೇ ಗಾಳಿ ಬಿಟ್ಟು, ಬಿಸಿಹೊಗೆ ಪಾತ್ರೆಗಳ ತಳವನ್ನು ತಬ್ಬಿಕೊಂಡು ಹೋಗಿ ಆಮೇಲೆ ಚಿಮಣಿ ಹತ್ತುವಂತೆ ಮಾಡಿದ್ದು, ಅಷ್ಟೆ. ತೆರೆದ ಒಲೆಗಿಂತ ಅದರ ದಕ್ಷತೆ ಎರಡು ಪಟ್ಟಿಗೂ ಹೆಚ್ಚು. ಅದೇ ತತ್ತ್ವದ ಇಟ್ಟಿಗೆಯ ಒಲೆಯನ್ನು ಭಾಣದ ಅಳತೆಗೆ ಕಟ್ಟಿದರೆ ನಲವತ್ತು ಕಿಲೋ ಕಟ್ಟಿಗೆ ಇಪ್ಪತ್ತಕ್ಕೆ ಇಳಿಯಬೇಕು. ಉಳಿದ ಇಪ್ಪತ್ತು ಕಿಲೋವನ್ನು ಗುಡ್ಡದಿಂದ ತಲೆಯ ಮೇಲೆ ಹೊತ್ತು ತರುವ ಕೆಲಸವೂ ಉಳಿಯಿತು.

ಇನ್ನೊಂದು ಉಪಾಯವನ್ನು ಫ್ರಾನ್ಸಿನ ಕೊನ್ಯಾಕ್ ಸೀಮೆಯವರಿಂದ ಕಲಿಯಬಹುದು. ಅಲ್ಲಿಯೂ ಮನೆತನಗಳೇ ಎರಡು ಸಲ ತಾಮ್ರದ ಹಂಡೆಯಲ್ಲಿ ದ್ರಾಕ್ಷಾರಸವನ್ನು ಇಳಿಸುತ್ತವೆ. ಅವರ ಹಂಡೆಯ ಪಕ್ಕದಲ್ಲಿ ಮತ್ತೊಂದು ಪಾತ್ರೆ ಇರುವುದುಂಟು. ಹಂಡೆಯಿಂದ ಹೊರಟ ಬಿಸಿ ಆವಿಯ ಕೊಳವೆ ಆ ಪಾತ್ರೆಯ ನಡುವಿನಿಂದ ಹಾದುಹೋಗುತ್ತದೆ. ಪಾತ್ರೆಯಲ್ಲಿ ಮುಂದಿನ ಸರದಿಯ ರಸ ಕಾಯುತ್ತಿರುತ್ತದೆ. ಆವಿ ತಣಿಯಲು ತೊಡಗುತ್ತದೆ, ರಸ ಪುಕ್ಕಟೆಯಾಗಿ ಬಿಸಿಯಾಗುತ್ತದೆ. ನಮ್ಮ ಲಾವ್ಣಿಯ ಮೇಲೆ ಸುರಿದ ನೀರು ಹೊತ್ತುಕೊಂಡು ಹೋಗುವ ಶಾಖವೂ ಇದೇ. ಅದು ಚರಂಡಿಗೆ ಹರಿಯುವುದನ್ನು ನೋಡಿದರೆ, ಕಟ್ಟಿಗೆ ಒಡೆದ ಕೈ ಎಷ್ಟು ನೋಯಬೇಡ! ಮುಂದಿನ ಸರದಿಯ ರಸವನ್ನು 70 ಡಿಗ್ರಿಯವರೆಗೆ ಹೀಗೆ ಕಾಯಿಸಿಕೊಂಡರೆ ಮೊದಲ ಭಟ್ಟಿಯ ಬೆಂಕಿಯಲ್ಲಿ ಐದರಲ್ಲೊಂದು ಪಾಲು ಉಳಿಯುತ್ತದೆ.

ರುಚಿ ಕೆಡುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ರುಚಿ ಕೆಟ್ಟರೆ ಫೆನಿಯೂ ಇಲ್ಲ, ಅದನ್ನು ನಂಬಿದ ಮನೆಯೂ ಇಲ್ಲ. ಆದರೆ ಭಾಣ ಒಂದು ಕಾಲಕ್ಕೆ ಮಣ್ಣಿನದಾಗಿತ್ತು, ಈಗ ತಾಮ್ರದ್ದು. ಪರಂಪರೆ ಅಲುಗದೆ ನಿಂತದ್ದೇನೂ ಅಲ್ಲ. ಕೊನ್ಯಾಕಿನವರು ಹಿಂದೆ ಕಟ್ಟಿಗೆ ಕಲ್ಲಿದ್ದಲು ಉರಿಸುತ್ತಿದ್ದವರು ಅನಿಲಕ್ಕೆ ಬಂದರು, ಹಂಡೆಯ ಕೆಳಗೆ ಬೆತ್ತಲೆ ಜ್ವಾಲೆಯನ್ನು ಮಾತ್ರ ಬಿಡಲಿಲ್ಲ. ರುಚಿಗೆ ಬೇಕಾದದ್ದು ಬೆಂಕಿಯ ನಿಧಾನ. ಗೋಡೆ ಕಟ್ಟಿದ ಒಲೆಯಲ್ಲಿ ಆ ನಿಧಾನ ಗಾಳಿಗೆ ಓಲಾಡುವ ತೆರೆದ ಬೆಂಕಿಗಿಂತ ಚೆನ್ನಾಗಿಯೇ ಕೈಗೆ ಸಿಗುತ್ತದೆ.

ಇನ್ನು ಹಿಪ್ಪೆ ಮತ್ತು ಭಟ್ಟಿಯಲ್ಲಿ ಉಳಿದ ನೀರು. ಸ್ಕಾಟ್ಲೆಂಡಿನ ಡಫ್‌ಟೌನಿನಲ್ಲಿ ವಿಲಿಯಂ ಗ್ರಾಂಟ್ ಎಂಬಾತ ತನ್ನ ಮಕ್ಕಳನ್ನು ಕಟ್ಟಿಕೊಂಡು ಗ್ಲೆನ್‌ಫಿಡಿಕ್ ವಿಸ್ಕಿಯ ಭಟ್ಟಿಯನ್ನು ಕಟ್ಟಿದ. 1887ರ ಕ್ರಿಸ್‌ಮಸ್ ದಿನ ಅದರಲ್ಲಿ ಮೊದಲ ಹನಿ ಇಳಿಯಿತು. ಇಂದಿಗೂ ಅದು ಆ ಮನೆತನದ್ದೇ. ಅವರು 2021ರಲ್ಲಿ, ಭಟ್ಟಿಯ ಉಳಿಕೆಯಿಂದ ಜೈವಿಕ ಅನಿಲ ತೆಗೆದು ಅದರಿಂದಲೇ ತಮ್ಮ ಸಾಗಣೆಯ ಲಾರಿಗಳನ್ನು ಓಡಿಸುವುದಾಗಿ ಪ್ರಕಟಿಸಿದರು. ಡೀಸೆಲ್ಲಿಗೆ ಹೋಲಿಸಿದರೆ ಹೊರಸೂಸುವಿಕೆ ನೂರಕ್ಕೆ 95ಕ್ಕಿಂತ ಹೆಚ್ಚು ತಗ್ಗುತ್ತದೆಂದು ಅವರ ಹೇಳಿಕೆ. ಓದಲು ಆನಂದವಾಗುತ್ತದೆ. ಕಾಣಕೋಣದ ಮನೆಗೆ ಇದನ್ನು ಹಾಗೆಯೇ ಇಳಿಸಲು ಹೋದರೆ ಮಾತ್ರ, ಸಾಹಿತ್ಯದ ಭಟ್ಟಿಯ ಗತಿಯೇ ಆದೀತು. ಸ್ಕಾಟ್ಲೆಂಡಿನ ಭಟ್ಟಿ ಬಹುತೇಕ ವರ್ಷವಿಡೀ ನಡೆಯುತ್ತದೆ. ಗೇರಿನದು ಫೆಬ್ರುವರಿಯಿಂದ ಮೇವರೆಗೆ. ಅನಿಲದ ಗುಂಡಿಯ ಜೀವಾಣುಗಳು ಉಳಿದ ಎಂಟು ತಿಂಗಳು ಉಪವಾಸವಿರಲಾರವು. ಹಿಪ್ಪೆಯನ್ನು ಸಗಣಿ ಸೊಪ್ಪಿನೊಂದಿಗೆ ಕಳಿಸಿ ಗೊಬ್ಬರವಾಗಿ ಗೇರಿನ ಬುಡಕ್ಕೇ ಹಾಕುವುದು ಈ ಮನೆಗಳಿಗೆ ಸರಿಹೊಂದುವ ದಾರಿ. ಭಟ್ಟಿಯ ಹುಳಿನೀರನ್ನು ಹಳ್ಳಕ್ಕೆ ಬಿಡದಿರುವುದು ಅದಕ್ಕಿಂತ ಮೊದಲು ಆಗಬೇಕಾದದ್ದು.

ಬಾಟಲಿಯ ಮಾತು ಬಿಡುವಂತಿಲ್ಲ. ಮರಳನ್ನು 1500 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಿ ಗಾಜು ಮಾಡುತ್ತಾರೆ. ಒಂದು ಕಿಲೋ ಗಾಜಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈ ಆಕ್ಸೈಡ್. ಘನತೆಗೆಂದು ದಪ್ಪ ತಳದ ಬಾಟಲಿ ಮಾಡಿಸಿದರೆ ಗಾಜೇ ಅರ್ಧ ಕಿಲೋ ಮೀರುತ್ತದೆ. ಕಟ್ಟಿಗೆ ಸ್ವಂತ ತೋಟದ್ದಾದ ಮನೆಯಲ್ಲಿ ಫೆನಿಗಿಂತ ಬಾಟಲಿಯ ಸಾಲವೇ ದೊಡ್ಡದು. ಹಿಂದೆ ಫೆನಿ ಹಳ್ಳಿಯಿಂದ ಪೇಟೆಗೆ ಹೋಗುತ್ತಿದ್ದುದು ಬೆತ್ತದ ಹೆಣಿಗೆ ಹಾಕಿದ ದೊಡ್ಡ ಗಾಜಿನ ಬುರುಡೆಗಳಲ್ಲಿ. ಗರ್ರಫಾಂವ್ ಎಂದು ಅದರ ಹೆಸರು. ಅದು ಖಾಲಿಯಾಗಿ ಹಿಂದಿರುಗುತ್ತಿತ್ತು, ಮತ್ತೆ ತುಂಬುತ್ತಿತ್ತು, ಅಜ್ಜನಿಂದ ಮೊಮ್ಮಗನಿಗೆ ಬರುತ್ತಿತ್ತು. ಯಾರೂ ಅದನ್ನು ಪರಿಸರಪ್ರೇಮವೆಂದು ಕರೆಯಲಿಲ್ಲ, ಗಾಜು ದುಬಾರಿಯಾಗಿತ್ತು ಅಷ್ಟೆ. ಪಣಜಿಯ ಅಂಗಡಿಗಾದರೂ ತುಂಬಿ ಕೊಟ್ಟು ಖಾಲಿ ತರುವ ಆ ಕ್ರಮ ಮರಳಿದರೆ ತಪ್ಪೇನಿದೆ?

ಈಗ ಅಜ್ಜನ ಹೂವಿಗೆ ಬರೋಣ. ಗೇರು ಹೂ ಬಿಡುವುದು ಚಳಿಗಾಲದ ಕೊನೆಯಲ್ಲಿ. ಆಗ ಆಕಾಶ ತಿಳಿಯಾಗಿರಬೇಕು, ರಾತ್ರಿ ತಂಪಾಗಿರಬೇಕು. ಮೋಡ ಕವಿದರೆ, ಅಕಾಲದಲ್ಲಿ ಮಳೆ ಬಿದ್ದರೆ ಹೂಗೊಂಚಲು ಕಪ್ಪಾಗಿ ಒಣಗುತ್ತದೆ; ಟೀ ಸೊಳ್ಳೆಯೆಂಬ ಕೀಟ ಉಳಿದದ್ದನ್ನು ಹೀರುತ್ತದೆ. ಕಾಯಿ ಕಚ್ಚುವ ಹೊತ್ತಿನ ಬಿರುಬಿಸಿಲೂ ಹಾಗೆಯೇ. 2023ರ ಮಾರ್ಚಿನಲ್ಲಿ ಮಹದಾಯಿ ಅಭಯಾರಣ್ಯದ ಕಡೆ ಗುಡ್ಡಗಳಿಗೆ ದಿನಗಟ್ಟಲೆ ಬೆಂಕಿ ಬಿದ್ದಿತ್ತು. ಗೇರಿನವರೇ ಕುರುಚಲು ಸುಟ್ಟರೆಂದು ಕೆಲವರು, ಸುಟ್ಟುಹೋದದ್ದು ಗೇರಿನವರ ತೋಟವೇ ಎಂದು ಕೆಲವರು ವಾದಿಸಿದರು. ಗಾಳಿಗೆ ಅತಿ ಕಡಿಮೆ ಹೊಗೆ ಸೇರಿಸಿದ ಮನೆಗೇ ಜಗತ್ತಿನ ಹೊಗೆಯ ಫಲ ಮೊದಲು ತಟ್ಟುತ್ತಿರುವುದರಿಂದ, ಒಲೆ ಬದಲಿಸಿ ಎಂದು ಆ ಅಜ್ಜನಿಗೆ ಹೇಳುವಾಗ ನಮ್ಮ ದನಿ ಸ್ವಲ್ಪ ಮೆತ್ತಗಿರಬೇಕು. ಅಷ್ಟಕ್ಕೂ ನಮ್ಮ ಕರಾವಳಿಯಲ್ಲಿ, ಉತ್ತರ ಕನ್ನಡದಿಂದ ದಕ್ಷಿಣ ಕನ್ನಡದವರೆಗೆ, ಅದೇ ಹಣ್ಣಿನ ಬಹುಪಾಲು ಮರದಡಿಯಲ್ಲಿ ಕೊಳೆಯುತ್ತದೆ. ಪುತ್ತೂರಿನಲ್ಲಿ 1986ರಿಂದ ಗೇರಿನದೇ ರಾಷ್ಟ್ರೀಯ ಸಂಶೋಧನ ಸಂಸ್ಥೆ ಇದ್ದು, ಹಣ್ಣಿನಿಂದ ಶರಬತ್ತು ಜಾಮು ಮಾಡುವ ಬಗೆಯನ್ನು ತೋರಿಸಿಕೊಟ್ಟಿದ್ದರೂ ನಮಗೆ ಇನ್ನೂ ಬೇಕಾದದ್ದು ಬೀಜ ಮಾತ್ರ.

ಒಲೆ ಬದಲಾಗದಿರುವುದಕ್ಕೆ ಜನರ ಮೌಢ್ಯ ಕಾರಣವೆಂದು ಹೇಳುವವರನ್ನು ಕೇಳಿದ್ದೇನೆ. ನನಗೆ ಕಂಡ ಕಾರಣ ಬೇರೆ. ಗೋವೆಯಲ್ಲಿ ಗೇರಿನ ಗುಡ್ಡಗಳನ್ನು ವಲಯಗಳಾಗಿ ವಿಂಗಡಿಸಿ, ಹಣ್ಣಿನಿಂದ ಭಟ್ಟಿ ಇಳಿಸುವ ಹಕ್ಕನ್ನು ಅಬಕಾರಿ ಇಲಾಖೆ ಋತುವಿನ ಮೊದಲು ಹರಾಜು ಹಾಕುವ ಪದ್ಧತಿ ಇದೆ. ಸ್ವಂತ ತೋಟವಿರುವ ಮನೆ ಬೇರೆ. ಹರಾಜಿನ ಗುಡ್ಡವನ್ನೇ ನಂಬಿದವನು ಬೇರೆ. ಅವನಿಗೆ ಈ ವರ್ಷ ಸಿಕ್ಕ ಗುಡ್ಡ ಮುಂದಿನ ವರ್ಷ ಸಿಗುವ ಭರವಸೆಯಿಲ್ಲ. ಮೂರು ತಿಂಗಳಿಗಾಗಿ ಅವನು ಇಟ್ಟಿಗೆಯ ಒಲೆ ಕಟ್ಟುವನೇ, ಚಿಮಣಿ ಏರಿಸುವನೇ, ಸವರಿದ ಕೊಂಬೆಯನ್ನು ಮುಂದಿನ ಬೇಸಗೆಗೆ ಒಣಗಿಸಿಡುವನೇ? ಮೂರು ಕಲ್ಲು ಹೂಡುತ್ತಾನೆ, ಹತ್ತಿರದಲ್ಲಿ ಸಿಕ್ಕಿದ ಕಟ್ಟಿಗೆ ಉರಿಸುತ್ತಾನೆ, ಮಳೆ ಬರುವಷ್ಟರಲ್ಲಿ ಭಾಣ ಹೊತ್ತು ಮನೆಗೆ ನಡೆಯುತ್ತಾನೆ. ಅದೇ ಗುಡ್ಡವನ್ನು ಅವನಿಗೆ ಐದಾರು ವರ್ಷ ಒಟ್ಟಿಗೆ ಕೊಟ್ಟು, ಒಲೆ ಕಟ್ಟಿದವನಿಗೂ ಹೊಸ ಗಿಡ ನೆಟ್ಟವನಿಗೂ ಹರಾಜಿನ ಹಣದಲ್ಲಿ ಒಂದಿಷ್ಟು ಸೋಡಿ ಬಿಟ್ಟರೆ, ಈ ಕೆಲಸಕ್ಕೆ ಬೇಕಾದ ಇಟ್ಟಿಗೆ ಮಣ್ಣುಗಳನ್ನು ಅವನೇ ಹೊಂದಿಸಿಕೊಳ್ಳುತ್ತಾನೆ.